ಅತ್ತಿಗೆ ಕ್ಯಾಮೆರಾ ಎತ್ತಿದ ಮೇಲೆ

ನಾನು ಕ್ಯಾಮೆರಾವನ್ನು ತಲೆಯ ಮೇಲೆ ಎತ್ತಿ ತೋರಿಸುವವರೆಗೆ ನಾಲ್ಕು ವಿಮಾನಗಳಲ್ಲಿ ಒಂದರ ಎಂಜಿನ್ನೂ ಶುರುವಾಗುವುದಿಲ್ಲ. ಹೇಳಿದರೆ ನಗುತ್ತೀರಿ. ನಾನೂ ಮೊದಲು ನಕ್ಕವಳೇ.

ವೈಮಾನಿಕ ಪ್ರದರ್ಶನದ ಮೈದಾನದಲ್ಲಿ ಜನ ನಿಲ್ಲುವ ಕಡೆಗೆ ಉದ್ದಕ್ಕೂ ಕಬ್ಬಿಣದ ಬೇಲಿ ಇರುತ್ತದೆ. ಅದರಲ್ಲಿ ಧ್ವನಿವರ್ಧಕದ ಕಂಬದ ಪಕ್ಕದ ಜಾಗ ನನ್ನದು. ಊರು ಬದಲಾದರೂ ಜಾಗ ಬದಲಾಗುವುದಿಲ್ಲ, ಕಂಬದ ಪಕ್ಕವೇ. ಆಚೆ ವಿಮಾನಗಳ ಹತ್ತಿರ ಗ್ರೀಸ್ ಮಾಮ ದುರ್ಬೀನು ಹಿಡಿದು ನಿಂತಿರುತ್ತಾನೆ. ಅವನು ತಂಡದ ಹಿರಿಯ ಮೆಕ್ಯಾನಿಕ್, ಉಗುರಿನ ಸಂದಿಯ ಕಪ್ಪು ಈ ಜನ್ಮಕ್ಕೆ ಹೋಗುವಂಥದ್ದಲ್ಲ. ನಾನು ಕ್ಯಾಮೆರಾ ಎತ್ತಿದ್ದು ಕಂಡ ಮೇಲೆ ಅವನು ಕೆಂಪು ಬಟ್ಟೆ ಬೀಸುತ್ತಾನೆ. ಆಮೇಲೆ ಪ್ರೊಪೆಲ್ಲರ್‌ಗಳು ತಿರುಗುತ್ತವೆ. ಮೈಕಿನಲ್ಲಿ ಗುಂಡಣ್ಣ ಕೂಗುತ್ತಾನೆ: "ಅತ್ತಿಗೆ ಬಂದಾಯ್ತು, ಇನ್ನು ಆಕಾಶ ನಮ್ಮದು!" ಜನ ಇದನ್ನು ತಮಾಷೆ ಎಂದುಕೊಂಡು ಚಪ್ಪಾಳೆ ತಟ್ಟುತ್ತಾರೆ.

ಅತ್ತಿಗೆ ಎಂದರೆ ನಾನು. ನಮ್ಮವರು ತಂಡದ ನಾಲ್ಕನೇ ವಿಮಾನ ಹಾರಿಸುತ್ತಾರೆ, ಎಲ್ಲರಿಗಿಂತ ಹಿಂದೆ ಇರುವುದರಿಂದ ಅವರಿಗೆ 'ಬಾಲ' ಎಂದು ಹೆಸರು. ಬಾಲದ ಹೆಂಡತಿಯನ್ನು ಏನೆಂದು ಕರೆಯುವುದು ಎಂದು ಗೊತ್ತಾಗದೆ ಯಾರೋ ಒಬ್ಬರು ಅತ್ತಿಗೆ ಅಂದರು. ಅಷ್ಟೇ, ಮೊದಲನೇ ವಿಮಾನ ಹಾರಿಸುವ, ನನ್ನ ತಂದೆಯ ವಯಸ್ಸಿನ ಕ್ಯಾಪ್ಟನ್ ಕೂಡ ಈಗ ನನ್ನನ್ನು ಅತ್ತಿಗೆ ಅಂತಲೇ ಕರೆಯುವುದು.

ಶುರುವಿನಲ್ಲಿ ಈ ಫೋಟೋ ತೆಗೆಯುವುದು ನನ್ನ ಖುಷಿಗೇ ಇತ್ತು. ಮದುವೆಗೆ ಮುಂಚೆ ನಾನು ಕಣ್ಣಿನ ಆಸ್ಪತ್ರೆಯಲ್ಲಿ ಕಣ್ಣಿನ ಒಳಪದರದ ಫೋಟೋ ತೆಗೆಯುವ ಕೆಲಸದಲ್ಲಿದ್ದೆ. ಅಲ್ಲಿ ಎಲ್ಲವೂ ಕತ್ತಲೆ ಕೋಣೆಯಲ್ಲಿ, ಒಂದು ಗೇಣು ದೂರದಲ್ಲಿ. ಇಲ್ಲಿ ನೋಡಿದರೆ ಇಷ್ಟಗಲ ಆಕಾಶ, ಅದರಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಗುವ ವಿಮಾನ. ಮೊದಮೊದಲು ನಾನು ತೆಗೆದ ಫೋಟೋಗಳು ಬಹಳ ಸ್ಪಷ್ಟವಾಗಿದ್ದವು, ಅಷ್ಟು ಸ್ಪಷ್ಟ ಎಂದರೆ ತಿರುಗುತ್ತಿದ್ದ ಪ್ರೊಪೆಲ್ಲರ್ ಕೂಡ ಗಕ್ಕನೆ ನಿಂತಂತೆ ಕಾಣುತ್ತಿತ್ತು. ಹೆಮ್ಮೆಯಿಂದ ತೋರಿಸಿದೆ. ನಮ್ಮವರ ಮುಖ ಸಪ್ಪಗಾಯಿತು. "ಎಂಜಿನ್ ಆಫ್ ಆಗಿರೋ ಹಾಗಿದೆ ಕಣೇ. ಅಳಿಸಿಬಿಡು, ಯಾರಿಗೂ ತೋರಿಸ್ಬೇಡ" ಅಂದರು. ಆಮೇಲೆ ಕಲಿತೆ. ಶಟರ್ ನಿಧಾನ ಇಡಬೇಕು, ವಿಮಾನದ ಜೊತೆಜೊತೆಗೇ ಸೊಂಟದಿಂದ ತಿರುಗಬೇಕು, ಕ್ಲಿಕ್ ಆದ ಮೇಲೂ ತಿರುಗುತ್ತಲೇ ಇರಬೇಕು. ಆಗ ವಿಮಾನ ಸ್ಪಷ್ಟ, ಪ್ರೊಪೆಲ್ಲರ್ ಮಾತ್ರ ಮಸುಕು ಚಕ್ರ. ವಿಮಾನದವರಿಗೆ ಆ ಮಸುಕು ಇದ್ದರೇನೇ ಸಮಾಧಾನ.

ಹೀಗೆ ಪ್ರತಿ ಪ್ರದರ್ಶನಕ್ಕೂ ಹೋಗುತ್ತಿದ್ದವಳು ಒಂದು ಸಲ ಜ್ವರ ಬಂದು ಮನೆಯಲ್ಲೇ ಉಳಿದೆ. ಅವತ್ತೇ ಮೂರನೇ ವಿಮಾನ ಇಳಿಯುವಾಗ ಚಕ್ರದ ಕಾಲು ಮುರಿದು ರನ್‌ವೇ ಪಕ್ಕದ ಹುಲ್ಲಿನಲ್ಲಿ ಮಗುಚಿಕೊಂಡಿತು. ಅದನ್ನು ಹಾರಿಸುತ್ತಿದ್ದವನು ಗುಂಡಣ್ಣ. ಜೀವ ಉಳಿಯಿತು, ಸೊಂಟ ಹೋಯಿತು. ಅವತ್ತಿನಿಂದ ಅವನು ಮೈಕಿನ ಮುಂದೆ ಕುರ್ಚಿಯಲ್ಲಿ. ಆಸ್ಪತ್ರೆಯಲ್ಲಿ ಅವನನ್ನು ನೋಡಲು ಹೋದಾಗ ಅವನು ನಗುತ್ತಲೇ ಅಂದ: "ನೋಡಿ ಅತ್ತಿಗೆ, ನೀವು ಬರ್ಲಿಲ್ಲ, ನಾನು ಬಿದ್ದೆ." ತಮಾಷೆಗೇ ಅಂದಿದ್ದು. ಆದರೆ ಆ ಕೋಣೆಯಲ್ಲಿ ನಗು ಬಂದದ್ದು ಅವನೊಬ್ಬನಿಗೆ.

ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಸಂಬಂಧ ಕಟ್ಟುವುದು ಮನುಷ್ಯರ ಹುಟ್ಟುಗುಣ. ನನಗೆ ಸಿಟ್ಟು ಬಂದದ್ದು ಅದಕ್ಕಲ್ಲ. ಯಾರೂ ನನ್ನ ಮುಖ ನೋಡಿ 'ನಾವು ನಂಬುತ್ತೇವೆ' ಅನ್ನಲಿಲ್ಲ, ಅದಕ್ಕೆ. ಮೂರನೆಯದಕ್ಕೆ ಬೇರೆ ವಿಮಾನ, ಹೊಸ ಹುಡುಗ ಬಂದ ಮೇಲಿನ ಮೊದಲ ಪ್ರದರ್ಶನಕ್ಕೆ ನಾನು ತಡವಾಗಿ ಹೋದೆ. ನೋಡಿದರೆ ನಾಲ್ಕೂ ವಿಮಾನಗಳು ಸುಮ್ಮನೆ ನಿಂತಿವೆ, ಆಯೋಜಕರು ಕೂಗಾಡುತ್ತಿದ್ದಾರೆ, ಕ್ಯಾಪ್ಟನ್ ಟಯರಿನ ಗಾಳಿ ಪರೀಕ್ಷೆ ಮಾಡುವ ನಾಟಕ ಆಡುತ್ತಿದ್ದಾರೆ. ನಾನು ಬಂದೆ ಎಂದು ತೋರಿಸಲು ಕ್ಯಾಮೆರಾ ಎತ್ತಿದೆ. ಎಂಜಿನ್‌ಗಳು ಶುರುವಾದವು. ಅಂದು ಎತ್ತಿದ ಕ್ಯಾಮೆರಾವನ್ನು ಆಮೇಲೆ ಇಳಿಸಲು ಆಗಲಿಲ್ಲ.

ಕೆಲವು ವರ್ಷ ಹೀಗೇ ನಡೆಯಿತು. ನನ್ನ ತಂಗಿಯ ಮಗುವನ್ನು ಎಲ್ಲರೂ ನೋಡಿ ಬಂದ ಮೇಲೆ ನಾನು ನೋಡಿದೆ. ನನಗೇ ಹುಷಾರಿಲ್ಲದಾಗ ಮಾತ್ರೆ ನುಂಗಿ ಕಂಬಕ್ಕೆ ಒರಗಿ ನಿಂತೆ. ಫೋಟೋ ತೆಗೆಯುವ ಸುಖ ಮಾತ್ರ ಉಳಿದಿತ್ತು, ಸುಳ್ಳು ಹೇಳಬಾರದು. ಕ್ಯಾಮೆರಾದೊಳಗೆ ಕಣ್ಣಿಟ್ಟರೆ ಅಲ್ಲಿ ಗಂಡ ಇಲ್ಲ, ಅಪಾಯ ಇಲ್ಲ, ಬೆಳಕು ಸರಿಯಿದೆಯೇ, ರೆಕ್ಕೆ ಚೌಕಟ್ಟಿನೊಳಗೆ ಬಂತೇ, ಅಷ್ಟೇ.

ಹೀಗಿರುವಾಗ ಒಂದು ದಿನ ಕಣ್ಣಿನ ಆಸ್ಪತ್ರೆಯ ಹಳೆಯ ಡಾಕ್ಟರು ಫೋನ್ ಮಾಡಿದರು.

"ಏನಮ್ಮಾ, ಕೈ ಇನ್ನೂ ಸ್ಥಿರವಾಗಿದೆಯಾ?"

"ಇದೆ ಸಾರ್."

"ಹಾಗಾದ್ರೆ ವಾಪಸ್ ಬಾ. ಈಗ ಇರೋ ಹುಡುಗಿ ತೆಗೆದ ಫೋಟೋ ನೋಡಿದ್ರೆ ರೋಗಿಗೆ ಕಣ್ಣು ಸರಿಯಿಲ್ವೋ ನನಗೆ ಸರಿಯಿಲ್ವೋ ಗೊತ್ತಾಗಲ್ಲ. ಅವಳೂ ಬಿಡ್ತಾ ಇದ್ದಾಳೆ. ಆದ್ರೆ ಶನಿವಾರ ಭಾನುವಾರ ಬರಲೇಬೇಕು, ಕೆಲಸಕ್ಕೆ ಹೋಗೋರೆಲ್ಲ ಅವತ್ತೇ ಬರೋದು. ಭಾನುವಾರದೊಳಗೆ ಹೇಳು, ಆಮೇಲೆ ಬೇರೆಯವರನ್ನ ತಗೋಬೇಕಾಗುತ್ತೆ."

ಫೋನ್ ಇಟ್ಟ ಮೇಲೆ ನಾನು ಕೈಯನ್ನು ಮುಂದೆ ಚಾಚಿ ನೋಡಿಕೊಂಡೆ. ಸ್ಥಿರವಾಗಿಯೇ ಇತ್ತು. ಆ ಕತ್ತಲೆ ಕೋಣೆ ನೆನಪಾಯಿತು. ಗಲ್ಲ ಊರುವ ಪಟ್ಟಿಯ ಸ್ಪಿರಿಟ್ ವಾಸನೆ, ಗುಂಡಿ ಒತ್ತಿದೊಡನೆ ಪರದೆಯ ಮೇಲೆ ಮೂಡುವ ಕಿತ್ತಳೆ ಬಣ್ಣದ ಕಣ್ಣಿನ ಒಳಪದರ, ಎಲೆಯ ನರಗಳ ಹಾಗೆ ಹರಡಿದ ಸಣ್ಣ ರಕ್ತನಾಳಗಳು. ಅದರಲ್ಲಿ ಸಾಸಿವೆಯಷ್ಟು ಚುಕ್ಕೆಯನ್ನು ನಾನು ಹಿಡಿದುಕೊಟ್ಟರೆ ಒಬ್ಬರ ದೃಷ್ಟಿ ಉಳಿಯುತ್ತಿತ್ತು. ಅಲ್ಲಿ ನಾನು ಮಾಡಿದ್ದರಿಂದ ನಿಜವಾಗಿಯೂ ಏನೋ ಆಗುತ್ತಿತ್ತು. ಆ ಕೆಲಸ ನನಗೆ ಬೇಕಿತ್ತು.

ಸಂಜೆ ನಮ್ಮವರು ಹಾರುವ ಉಡುಪಿಗೆ ಇಸ್ತ್ರಿ ಹಾಕುತ್ತಿದ್ದಾಗ ಹೇಳಿದೆ.

"ಸೇರ್ಕೋ. ಯಾರು ಬೇಡ ಅಂದ್ರು?" ಅಂದರು.

"ಶನಿವಾರ ಭಾನುವಾರ ಬರೋಕಾಗಲ್ಲ ರೀ ಆಮೇಲೆ."

"ಬರ್ಬೇಡ. ನನಗೇನು, ನಾನು ಅದನ್ನೆಲ್ಲ ನಂಬಲ್ಲ. ಕ್ಯಾಪ್ಟನ್ನಿಗೆ ಸ್ವಲ್ಪ... ನೀನೇ ಒಂದು ಮಾತು ಹೇಳು."

ಹೇಳುತ್ತ ಒಂದೇ ತೋಳಿನ ಮೇಲೆ ಇಸ್ತ್ರಿ ಆಡಿಸುತ್ತಲೇ ಇದ್ದರು. ಸುಟ್ಟ ವಾಸನೆ ಬಂದ ಮೇಲೆ ನಾನೇ ಅವರ ಕೈಯಿಂದ ಇಸ್ತ್ರಿಪೆಟ್ಟಿಗೆ ಕಸಿದುಕೊಂಡೆ.

ಕ್ಯಾಪ್ಟನ್ನಿಗೆ ಫೋನ್ ಮಾಡಿದೆ. "ನನಗಾ? ಛೇ ಛೇ, ನಾನು ಅಂಥವನಲ್ಲ ಅತ್ತಿಗೆ. ಹುಡುಗರು ಇದಾರಲ್ಲ, ಅವರಿಗೆ ಧೈರ್ಯ ಇರಲ್ಲ. ಅದರಲ್ಲೂ ನಿಮ್ಮ ಯಜಮಾನರಿಗೆ." ಪಕ್ಕದಲ್ಲೇ ಕೂತಿದ್ದ ಅತ್ತೆ ಕೇಳಿಸಿಕೊಂಡು ಅಂದರು: "ನನಗೇನಿದೆಯಮ್ಮಾ, ನೀನು ಕೆಲಸಕ್ಕೆ ಹೋದ್ರೆ ನನಗೆ ಸಂತೋಷಾನೇ. ಆದ್ರೆ ಅವನ ಮನಸ್ಸಿನಲ್ಲಿ ಒಂದು ಕೂತಿದೆಯಲ್ಲ. ಮೇಲೆ ಹೋದವನಿಗೆ ಮನಸ್ಸು ಗಟ್ಟಿ ಇರ್ಬೇಕು. ನಾಳೆ ಹೆಚ್ಚುಕಮ್ಮಿ ಆದ್ರೆ ನಿನ್ನ ಮೇಲೇ ಬರುತ್ತೆ ನೋಡು." ಗ್ರೀಸ್ ಮಾಮನಿಗೂ ಫೋನ್ ಮಾಡಿದೆ, ಅವನೊಬ್ಬನೇ ನೇರ ಮನುಷ್ಯ. "ನಟ್ಟು ಬೋಲ್ಟು ನಾನು ನೋಡ್ಕೋತೀನಿ ಅತ್ತಿಗೆ, ಮಿಕ್ಕಿದ್ದು ನಿಮ್ಮದು" ಅಂದ.

ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಯಿತು ನನ್ನ ಪಾಡು, ಉಗುಳುವಂತಿಲ್ಲ, ನುಂಗುವಂತಿಲ್ಲ. ಗಂಡ ಕೆಟ್ಟವನಾಗಿದ್ದರೆ ಎಷ್ಟೋ ಸುಲಭವಿತ್ತು, ಬಾಗಿಲು ಬಡಿದು ಹೋಗಬಹುದಿತ್ತು. ಇವರು ಬೆಳಿಗ್ಗೆ ನನಗಿಂತ ಮುಂಚೆ ಎದ್ದು ನನ್ನ ಲೆನ್ಸಿನ ಧೂಳು ಒರೆಸಿಡುವ ಮನುಷ್ಯ. ಇವರ ಮೇಲೆ ಜಗಳ ತೆಗೆಯಲು ಒಂದು ಕಾರಣ ಹುಡುಕಿ ಹುಡುಕಿ ಸಾಕಾಯಿತು. ಇಡೀ ರಾತ್ರಿ ಹೊರಳಾಡಿದ ಮೇಲೆ ಒಂದು ಉಪಾಯ ಹೊಳೆಯಿತು. ಶನಿವಾರದ ಪ್ರದರ್ಶನದಲ್ಲಿ ಎಂದಿನಂತೆ ಕ್ಯಾಮೆರಾ ಎತ್ತಿ ತೋರಿಸುವುದು. ಅವರು ಹಾರಿದ ಮೇಲೆ ನಾನು ಹೊರಗೆ ಹೋಗಿ ಕಾರಿನಲ್ಲಿ ಬಾಗಿಲು ಹಾಕಿಕೊಂಡು ಕೂರುವುದು. ನಾಲ್ಕೂ ವಿಮಾನಗಳು ಸುಖವಾಗಿ ಇಳಿದ ಮೇಲೆ ಎಲ್ಲರೆದುರು ಹೇಳಿಬಿಡುವುದು: ನಾನಿರಲಿಲ್ಲ, ಒಂದು ಫೋಟೋನೂ ತೆಗೆದಿಲ್ಲ, ಆದರೂ ಯಾರ ಕೂದಲೂ ಕೊಂಕಿಲ್ಲ. ಭಾನುವಾರ ಡಾಕ್ಟರಿಗೆ ಬರ್ತೀನಿ ಅನ್ನುವುದು.

ಶನಿವಾರ ಬಿಸಿಲು ಚೆನ್ನಾಗಿತ್ತು, ಫೋಟೋಗೆ ಹೇಳಿಮಾಡಿಸಿದ ಬೆಳಕು. ಕ್ಯಾಮೆರಾ ಎತ್ತಿದೆ. ಮಾಮ ಕೆಂಪು ಬಟ್ಟೆ ಬೀಸಿದ. ಗುಂಡಣ್ಣನ ಕೂಗು, ಚಪ್ಪಾಳೆ. ನಾಲ್ಕೂ ವಿಮಾನಗಳು ಒಂದರ ಹಿಂದೊಂದು ನೆಲ ಬಿಟ್ಟವು. ನಾನು ತಿರುಗಿ ಹೊರಡಲು ನೋಡಿದರೆ ಹಿಂದೆ ದಾರಿಯೇ ಇಲ್ಲ.

ಇಷ್ಟು ವರ್ಷ ನಾನು ಎಂದೂ ಹಿಂದೆ ತಿರುಗಿ ನೋಡಿದವಳಲ್ಲ. ಜನ ಗೋಡೆ ಕಟ್ಟಿದಂತೆ ನಿಂತಿದ್ದರು. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು, ಮಡಚುವ ಕುರ್ಚಿಗಳು, ತಳ್ಳುಗಾಡಿಯಲ್ಲಿ ನಿದ್ದೆಹೋದ ಕೂಸು, ಏಣಿ ಹತ್ತಿ ಮೊಳದುದ್ದದ ಲೆನ್ಸ್ ಹಿಡಿದ ಫೋಟೋದವರು.

"ಸ್ವಲ್ಪ ದಾರಿ ಬಿಡಿ" ಅಂದೆ.

"ಈಗೆಲ್ಲಿಗಮ್ಮಾ? ಈಗ ತಾನೇ ಶುರುವಾಯ್ತು" ಅಂದಳು ಒಬ್ಬ ಅಜ್ಜಿ.

"ನಾನು ಹೊರಗೆ ಹೋಗ್ಬೇಕು."

"ಅಯ್ಯೋ, ಬೇಲಿ ಪಕ್ಕದ ಜಾಗ ಸಿಕ್ಕಿದೆ, ಬಿಟ್ಟು ಹೋಗ್ತಾರಾ ಯಾರಾದ್ರೂ? ನೋಡು, ನೋಡು, ಆ ಕಡೆ ನೋಡು!" ಎಂದು ನನ್ನ ಎರಡೂ ಭುಜ ಹಿಡಿದು ಮತ್ತೆ ಬೇಲಿಯ ಕಡೆಗೇ ತಿರುಗಿಸಿದಳು. ಎಲ್ಲರೂ ಒಳ್ಳೆಯವರೇ. ಯಾರೂ ಒಂದು ಹೆಜ್ಜೆ ಸರಿಯಲಿಲ್ಲ.

ಹಟ ಬಂತು. ಹೋಗಲು ಆಗದಿದ್ದರೆ ಬೇಡ, ಫೋಟೋ ತೆಗೆಯದಿರಲು ಯಾರಪ್ಪನ ಅಪ್ಪಣೆ ಬೇಕು? ಕ್ಯಾಮೆರಾವನ್ನು ಚೀಲಕ್ಕೆ ಹಾಕಿ ಜಿಪ್ ಎಳೆದೆ. ಪಕ್ಕದ ಏಣಿಯ ಮೇಲಿದ್ದವನು ಪಾಪ ಬಗ್ಗಿ ಕೇಳಿದ: "ಬ್ಯಾಟರಿ ಹೋಯ್ತಾ ಮೇಡಂ? ನನ್ನ ಹತ್ರ ಇನ್ನೊಂದಿದೆ, ಕೊಡ್ಲಾ?" ಬೇಡ ಅಂದೆ. ಕೈಗಳನ್ನು ಎಲ್ಲಿಡುವುದು ಎಂದು ಗೊತ್ತಾಗಲಿಲ್ಲ. ತಲೆ ಎತ್ತಿ ನೋಡಿದೆ.

ಬರಿಗಣ್ಣಿನಿಂದ ನಮ್ಮವರು ಹಾರುವುದನ್ನು ನಾನು ನೋಡಿದ್ದು ಅದೇ ಮೊದಲು.

ಅವರ ಆಟದ ಕೊನೆಯಲ್ಲಿ ಒಂದು ಭಾಗ ಬರುತ್ತದೆ. ಎರಡು ವಿಮಾನಗಳು ಮೈದಾನದ ಎರಡು ತುದಿಯಿಂದ ಎದುರುಬದುರಾಗಿ ಬಂದು, ಜನರ ಮುಂದೆಯೇ, ಒಂದನ್ನೊಂದು ಸವರಿಕೊಂಡಂತೆ ದಾಟುತ್ತವೆ. ಒಂದು ಕ್ಯಾಪ್ಟನ್ನಿನದು, ಇನ್ನೊಂದು ನಮ್ಮವರದು. ಈ ದಾಟುವಿಕೆಯ ನೂರಾರು ಫೋಟೋ ನಾನು ತೆಗೆದಿದ್ದೇನೆ, ನಮ್ಮ ಮನೆಯ ನಡುಮನೆಯಲ್ಲಿ ಒಂದು ದೊಡ್ಡದಾಗಿ ತೂಗುತ್ತಿದೆ. ಲೆನ್ಸಿನಲ್ಲಿ ನಾನು ನಮ್ಮವರ ವಿಮಾನವೊಂದನ್ನೇ ಹಿಂಬಾಲಿಸುತ್ತಿದ್ದೆ. ಇನ್ನೊಂದು ಎಲ್ಲಿಂದಲೋ ಚೌಕಟ್ಟಿನೊಳಗೆ ಬಂದು ಹೋಗುತ್ತಿತ್ತು, ಕ್ಲಿಕ್, ಮುಗಿಯಿತು. ಅವು ಎದುರೆದುರು ಬರುತ್ತಿವೆ ಎಂಬುದೇ ನನಗೆ ಕಂಡಿರಲಿಲ್ಲ.

ಅಂದು ಎರಡೂ ಕಂಡವು. ಎಡತುದಿಯಲ್ಲಿ ಒಂದು ಚುಕ್ಕೆ, ಬಲತುದಿಯಲ್ಲಿ ಒಂದು ಚುಕ್ಕೆ. ಎರಡೂ ದೊಡ್ಡದಾಗುತ್ತ ಬಂದವು. ಮಧ್ಯದ ಜಾಗ ಸಣ್ಣದಾಗುತ್ತ ಬಂತು. ಎಷ್ಟು ಹೊತ್ತು! ಫೋಟೋದಲ್ಲಿ ಅದು ಒಂದು ಕ್ಷಣ, ಬರಿಗಣ್ಣಿಗೆ ಅದು ಮುಗಿಯುವುದೇ ಇಲ್ಲ. ಆ ಸಣ್ಣ ತಗಡಿನೊಳಗೆ, ತೋಳಿನ ಮೇಲೆ ಇಸ್ತ್ರಿಯ ಕಂದು ಕಲೆ ಇರುವ ಮನುಷ್ಯ ಕೂತಿದ್ದಾನೆ ಎಂದು ನನಗೆ ಆಗ ಗೊತ್ತಾಯಿತು. ಎರಡೂ ಕೈಯಿಂದ ಬೇಲಿ ಹಿಡಿದೆ. ಯಾರೋ "ಇಲ್ಲೇ ಇದ್ದೀನಿ, ಇಲ್ಲೇ ಇದ್ದೀನಿ" ಅನ್ನುತ್ತಿರುವುದು ಕೇಳಿಸಿತು. ನನ್ನದೇ ದನಿ.

ದಾಟಿದವು. ಜನ ಕಿರುಚಿದರು. ನನ್ನ ಅಂಗೈಗೆ ಬೇಲಿಯ ಬಣ್ಣ ಅಂಟಿಕೊಂಡಿತ್ತು.

ವಿಮಾನಗಳು ಇಳಿದ ಮೇಲೆ, ಜನ ಕರಗಿದ ಮೇಲೆ, ತಂಡದ ಡೇರೆಗೆ ಹೋದೆ. ಹೇಳಬೇಕೆಂದು ಬಂದದ್ದನ್ನು ಹೇಳಲೇಬೇಕಿತ್ತು. ಮಡಚುವ ಮೇಜಿನ ಸುತ್ತ ಎಲ್ಲರೂ ಕಾಗದದ ಲೋಟದಲ್ಲಿ ಟೀ ಕುಡಿಯುತ್ತಿದ್ದರು. ಗುಂಡಣ್ಣ "ತೋರಿಸಿ ಅತ್ತಿಗೆ, ಇವತ್ತಿನ ಬೆಳಕು ಭರ್ಜರಿ" ಎಂದು ಕೈ ಚಾಚಿದ.

"ಒಂದೂ ತೆಗೆದಿಲ್ಲ" ಅಂದೆ. "ನೀವು ಹಾರಿದ ಮೇಲೆ ಕ್ಯಾಮೆರಾ ಚೀಲದಲ್ಲೇ ಇತ್ತು. ಆದ್ರೂ ಎಲ್ಲರೂ ಇಳಿದ್ರಿ. ನೋಡಿದ್ರಲ್ಲ?"

ನಮ್ಮವರ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ಕ್ಯಾಪ್ಟನ್ ಲೋಟ ಕೆಳಗಿಟ್ಟು ಮೆಲ್ಲಗೆ ಕೇಳಿದರು: "ಎಲ್ಲಿದ್ರಿ ಹಾಗಾದ್ರೆ?"

"ಬೇಲಿ ಹತ್ರಾನೇ. ಹೊರಗೆ ಹೋಗೋಕೆ ಹೊರಟಿದ್ದೆ. ಜನ ದಾರಿ ಬಿಡ್ಲಿಲ್ಲ."

ಈ ಮಾತು ಬಾಯಿಂದ ಬಿದ್ದದ್ದೇ ತಡ, ಅದನ್ನು ವಾಪಸು ತೆಗೆದುಕೊಳ್ಳಬೇಕು ಅನ್ನಿಸಿತು. ಗ್ರೀಸ್ ಮಾಮ ಆಗಲೇ ಎದ್ದು ನಿಂತಿದ್ದ. "ನೋಡಿದ್ರಾ! ಹೋಗೋಕೆ ಬಿಡ್ಲಿಲ್ಲ!" ಎಂದು ಡೇರೆಯ ಚಾವಣಿಗೆ ಕೈ ಮುಗಿದ.

ಕ್ಯಾಪ್ಟನ್ ದೊಡ್ಡದಾಗಿ ಉಸಿರು ಬಿಟ್ಟು ನಗತೊಡಗಿದರು. "ಅಂದ್ರೆ ಕ್ಯಾಮೆರಾ ಅಲ್ಲ! ಅತ್ತಿಗೆ ನಿಂತಿದ್ರೆ ಸಾಕು! ಪಾಪ, ಇಷ್ಟು ವರ್ಷ ಈ ಭಾರ ಹೊತ್ಕೊಂಡು, ಬಿಸಿಲಲ್ಲಿ ಸೊಂಟ ತಿರುಗಿಸ್ಕೊಂಡು. ಎಂಥಾ ದಡ್ಡರು ನಾವು!" ಎಲ್ಲರಿಗೂ ನಗು ಬಂತು. ಗುಂಡಣ್ಣ ಮೇಜು ಕುಟ್ಟಿದ. ನನಗೆ ಬಿಡುಗಡೆ ಕೊಟ್ಟೆವೆಂದು ಅವರೆಲ್ಲ ನಿಜವಾಗಿಯೂ ನಂಬಿದ್ದರು. ಯಾರೋ ನನಗೊಂದು ಕುರ್ಚಿ ಸರಿಸಿದರು, ಯಾರೋ ಟೀ ಕೊಟ್ಟರು. ನಮ್ಮವರು ಹತ್ತಿರ ಬಂದು ನನ್ನ ಹೆಗಲಿನಿಂದ ಕ್ಯಾಮೆರಾ ಚೀಲವನ್ನು ನಾಜೂಕಾಗಿ ತೆಗೆದು ತಮ್ಮ ಹೆಗಲಿಗೆ ಹಾಕಿಕೊಂಡರು. "ಇನ್ಮೇಲೆ ಇದನ್ನ ಹೊರೋದು ಬೇಡ ಕಣೇ. ಸುಮ್ನೆ ಬಂದು ಆರಾಮಾಗಿ ನಿಂತ್ಕೋ" ಅಂದರು. ಕಣ್ಣಲ್ಲಿ ನೀರಿತ್ತು ಅವರಿಗೆ.

ಅರಚಬೇಕು ಅನ್ನಿಸಿತು. ಕ್ಯಾಮೆರಾ ಇದ್ದಷ್ಟು ದಿನ ನನಗೆ ಒಂದು ಕೆಲಸವಿತ್ತು, ಅಡಗಿಕೊಳ್ಳಲು ಒಂದು ಜಾಗವಿತ್ತು. ಈಗ ಅದೂ ಹೋಯಿತು. ಆದರೆ ಅರಚಲಿಲ್ಲ. ಯಾಕೆಂದರೆ ಬೇಲಿ ಹಿಡಿದು 'ಇಲ್ಲೇ ಇದ್ದೀನಿ' ಅಂದವಳು ನಾನೇ. ಯಾರೂ ಹೇಳಿಕೊಟ್ಟಿರಲಿಲ್ಲ. ಅಷ್ಟು ವರ್ಷ ಅವರೆಲ್ಲರ ಹೆದರಿಕೆಯನ್ನು ಹಂಗಿಸಿದವಳ ಒಳಗೇ ಈಗ ಅದೇ ಹೆದರಿಕೆ ಬಂದು ಕೂತಿತ್ತು, ಅವರದ್ದಕ್ಕಿಂತ ದೊಡ್ಡದಾಗಿ. ನಾಳೆ ಆಸ್ಪತ್ರೆಯ ಕತ್ತಲೆ ಕೋಣೆಯಲ್ಲಿ ಯಾರದೋ ಕಣ್ಣಿನೊಳಗೆ ನೋಡುತ್ತ ಕೂತಿರುವಾಗ, ಆ ಎರಡು ಚುಕ್ಕೆಗಳು ಎದುರುಬದುರಾಗಿ ಬರುತ್ತಿರುತ್ತವೆ. ನನ್ನ ಕೈ ಸ್ಥಿರವಾಗಿ ನಿಲ್ಲುವುದಿಲ್ಲ.

ಭಾನುವಾರ ಬೆಳಿಗ್ಗೆ ಕಂಬದ ಪಕ್ಕ ಹೋಗಿ ನಿಂತೆ. ನಮ್ಮವರು ಆಯೋಜಕರಿಗೆ ಹೇಳಿ ನನಗೊಂದು ಛತ್ರಿ, ಕೂರಲು ಒಂದು ಕುರ್ಚಿ ಹಾಕಿಸಿದ್ದರು. ನಾನು ಕೂರಲಿಲ್ಲ. ಎಂಜಿನ್ ಶುರುವಾದರೆ ಮಾತು ಕೇಳಿಸುವುದಿಲ್ಲವೆಂದು ಅಷ್ಟರೊಳಗೆ ಡಾಕ್ಟರಿಗೆ ಫೋನ್ ಮಾಡಿದೆ. ಆಚೆಯಿಂದ ಮಾಮನ ದುರ್ಬೀನು ನನ್ನ ಕಡೆಗೇ ಇತ್ತು.

"ಬರೋಕಾಗಲ್ಲ ಸಾರ್" ಅಂದೆ.

"ಯಾಕಮ್ಮಾ? ಮನೇಲಿ ಬೇಡ ಅಂದ್ರಾ?"

"ಯಾರೂ ಬೇಡ ಅಂದಿಲ್ಲ ಸಾರ್. ಶನಿವಾರ ಭಾನುವಾರ ನಾನು ಇಲ್ಲಿರ್ಬೇಕು, ಪ್ರದರ್ಶನದ ಹತ್ರ."

"ಓ, ವಿಮಾನದ ಫೋಟೋ ತೆಗೀತೀಯಾ?"

"ಇಲ್ಲ ಸಾರ್. ಈಗ ತೆಗೆಯಲ್ಲ. ಅವರು ಹಾರುವಾಗ ಬೇಲಿ ಹತ್ರ ನಿಂತಿರ್ಬೇಕು."

ಡಾಕ್ಟರು ಯಾರದೋ ಕಣ್ಣಿಗೆ ಹನಿ ಹಾಕಿ ಬಂದಿದ್ದರೋ ಏನೋ, ಹಿಂದೆ ಒಬ್ಬ ರೋಗಿ ಕೆಮ್ಮಿದ್ದು ಕೇಳಿಸಿತು.

"ನಿಂತು ಏನ್ ಮಾಡ್ತೀಯಮ್ಮಾ?" ಅಂದರು. ಹಂಗಿಸಿ ಕೇಳಿದ್ದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದು.

"ಏನೂ ಇಲ್ಲ ಸಾರ್" ಅಂದೆ.

ಅವರು "ಆಯ್ತಮ್ಮಾ" ಎಂದು ಫೋನ್ ಇಟ್ಟರು. ನಾನು ಖಾಲಿ ಕೈಯನ್ನು ತಲೆಯ ಮೇಲೆ ಎತ್ತಿದೆ. ಮಾಮ ಕೆಂಪು ಬಟ್ಟೆ ಬೀಸಿದ, ಎಂಜಿನ್‌ಗಳು ಶುರುವಾದವು. ಕಣ್ಣು ಮುಚ್ಚಿಕೊಳ್ಳುವಷ್ಟು ಧೈರ್ಯವೂ ನನಗಿರಲಿಲ್ಲ.